ಸಂದರ್ಶನದ ಬಾಗಿಲಲ್ಲಿ ನಿಂತಿರುವ ಯುವಜನರಿಗೆ

ಲಿಖಿತ ಪರೀಕ್ಷೆಯಲ್ಲಿ ಉತ್ತಮ ಅಂಕಗಳನ್ನು ಗಳಿಸಿದ ನಮ್ಮ ಊರುಗಳ ಯುವಕ ಯುವತಿಯರು ಸಂದರ್ಶನದ ಕೊಠಡಿಯಿಂದ ಬರಿಗೈಯಲ್ಲಿ ಹಿಂದಿರುಗುವುದನ್ನು ನಾವು ಕಾಣುತ್ತಲೇ ಬಂದಿದ್ದೇವೆ. ಅವರಲ್ಲಿ ಜ್ಞಾನದ ಕೊರತೆಯಿಲ್ಲ, ಶ್ರಮದ ಕೊರತೆಯೂ ಇಲ್ಲ. ತಿಂಗಳುಗಟ್ಟಲೆ ಪರೀಕ್ಷೆಗೆ ಓದಿದವರು ಸಂದರ್ಶನಕ್ಕೆ ಮಾತ್ರ ಮೂರು ದಿನಗಳ ಸಿದ್ಧತೆ ಸಾಕೆಂದು ಭಾವಿಸುವುದೇ ಇದಕ್ಕೆ ಮುಖ್ಯ ಕಾರಣ. ಬ್ಯಾಂಕ್ ಅಧಿಕಾರಿ ಹುದ್ದೆಯ ಸಂದರ್ಶನವನ್ನು ಉದಾಹರಣೆಯಾಗಿ ಇಟ್ಟುಕೊಂಡು ಈ ಸಿದ್ಧತೆಯ ಬಗೆಯನ್ನು ಇಲ್ಲಿ ವಿವೇಚಿಸಲಾಗಿದೆ.

ಬ್ಯಾಂಕನ್ನೇ ಆರಿಸಿಕೊಂಡುದಕ್ಕೆ ಕಾರಣವಿದೆ. ನಮ್ಮ ಕರಾವಳಿಯು ಬ್ಯಾಂಕುಗಳ ತೊಟ್ಟಿಲು. 1906ರಲ್ಲಿ ಮಂಗಳೂರಿನಲ್ಲಿ ಕೆನರಾ ಬ್ಯಾಂಕ್, ಅದೇ ವರ್ಷ ಉಡುಪಿಯಲ್ಲಿ ಕಾರ್ಪೊರೇಷನ್ ಬ್ಯಾಂಕ್, 1925ರಲ್ಲಿ ಉಡುಪಿಯಲ್ಲಿಯೇ ಸಿಂಡಿಕೇಟ್ ಬ್ಯಾಂಕ್, 1931ರಲ್ಲಿ ಮಂಗಳೂರಿನಲ್ಲಿ ವಿಜಯಾ ಬ್ಯಾಂಕ್ ಹುಟ್ಟಿದವು. ನಮ್ಮ ಸಮುದಾಯದ ಹಿರಿಯರು 1912ರಲ್ಲಿ ಕಟ್ಟಿದ ಮಂಗಳೂರು ಕ್ಯಾಥೊಲಿಕ್ ಸಹಕಾರಿ ಬ್ಯಾಂಕು ಶತಮಾನವನ್ನು ದಾಟಿದೆ. ಆದರೆ ವಿಜಯಾ ಬ್ಯಾಂಕ್ 2019ರ ಏಪ್ರಿಲ್ 1ರಂದು ಬ್ಯಾಂಕ್ ಆಫ್ ಬರೋಡಾದಲ್ಲಿ ವಿಲೀನವಾಯಿತು. ಮರುವರ್ಷ ಅದೇ ದಿನ ಸಿಂಡಿಕೇಟ್ ಬ್ಯಾಂಕು ಕೆನರಾ ಬ್ಯಾಂಕನ್ನೂ, ಕಾರ್ಪೊರೇಷನ್ ಬ್ಯಾಂಕು ಯೂನಿಯನ್ ಬ್ಯಾಂಕನ್ನೂ ಸೇರಿದವು. ಊರಿನ ಬ್ಯಾಂಕು, ಪರಿಚಯದ ಮೇನೇಜರು ಎಂಬ ಕಾಲ ಮುಗಿಯಿತು. 2011ರಿಂದ ಸರ್ಕಾರಿ ಸ್ವಾಮ್ಯದ ಬ್ಯಾಂಕುಗಳಿಗೆ ಐ.ಬಿ.ಪಿ.ಎಸ್. ಸಂಸ್ಥೆಯು ದೇಶವ್ಯಾಪಿ ಸಾಮಾನ್ಯ ಪರೀಕ್ಷೆಯನ್ನು ನಡೆಸುತ್ತಿದೆ. ಸ್ಟೇಟ್ ಬ್ಯಾಂಕಿನ ನೇಮಕಾತಿ ಮಾತ್ರ ಪ್ರತ್ಯೇಕ. ಇಂದು ಬೆಳ್ತಂಗಡಿಯ ಅಭ್ಯರ್ಥಿಯು ಪಾಟ್ನಾದ ಅಭ್ಯರ್ಥಿಯೊಡನೆ ಸ್ಪರ್ಧಿಸಬೇಕಾಗಿದೆ.

ಅಂಕಗಳ ಲೆಕ್ಕ

ಮೊದಲು ಸಂದರ್ಶನದ ತೂಕವನ್ನು ಅರಿಯಬೇಕು. ಐ.ಬಿ.ಪಿ.ಎಸ್. ಅಧಿಕಾರಿ ಹುದ್ದೆಯ ಆಯ್ಕೆಯಲ್ಲಿ ಮುಖ್ಯ ಪರೀಕ್ಷೆಗೆ 80, ಸಂದರ್ಶನಕ್ಕೆ 20 ಎಂಬ ಅನುಪಾತವಿದೆ. ಸಂದರ್ಶನವು 100 ಅಂಕಗಳದು. ಅದರಲ್ಲಿ ಸಾಮಾನ್ಯ ವರ್ಗದವರು ಕನಿಷ್ಠ 40, ಪರಿಶಿಷ್ಟ ಹಾಗೂ ಇತರ ಹಿಂದುಳಿದ ವರ್ಗದವರು ಮತ್ತು ಅಂಗವಿಕಲರು ಕನಿಷ್ಠ 35 ಅಂಕಗಳನ್ನು ಪಡೆಯಲೇಬೇಕು. ಸಂದರ್ಶನದಲ್ಲಿ 70 ಅಂಕ ಪಡೆದವರಿಗೆ ಅಂತಿಮ ಪಟ್ಟಿಯಲ್ಲಿ 14 ಅಂಕಗಳು, 50 ಪಡೆದವರಿಗೆ 10 ಅಂಕಗಳು ಸಲ್ಲುತ್ತವೆ. ಈ 4 ಅಂಕಗಳ ಅಂತರವನ್ನು ತುಂಬಬೇಕಾದರೆ ಮುಖ್ಯ ಪರೀಕ್ಷೆಯಲ್ಲಿ ಶೇಕಡಾ 5ರಷ್ಟು ಹೆಚ್ಚು ಗಳಿಸಿರಬೇಕು. ಅಂಕಗಳು ಒತ್ತೊತ್ತಾಗಿರುವ ಇಂಥ ಸ್ಪರ್ಧೆಯಲ್ಲಿ ಅದು ಸಣ್ಣ ಅಂತರವಲ್ಲ. ಕೇಂದ್ರ ಲೋಕಸೇವಾ ಆಯೋಗದ ನಾಗರಿಕ ಸೇವಾ ಪರೀಕ್ಷೆಯಲ್ಲಿಯೂ ಒಟ್ಟು 2025 ಅಂಕಗಳಲ್ಲಿ 275 ಅಂಕಗಳು ವ್ಯಕ್ತಿತ್ವ ಪರೀಕ್ಷೆಗೆ ಮೀಸಲಾಗಿವೆ.

ಎಲ್ಲ ಹುದ್ದೆಗಳಿಗೂ ಸಂದರ್ಶನವಿಲ್ಲ ಎಂಬುದನ್ನೂ ತಿಳಿದಿರಬೇಕು. 2016ರ ಜನವರಿ 1ರಿಂದ ಕೇಂದ್ರ ಸರ್ಕಾರದ 'ಸಿ' ಮತ್ತು 'ಡಿ' ವರ್ಗಗಳ ಹಾಗೂ ಗೆಜೆಟೆಡ್ ಅಲ್ಲದ 'ಬಿ' ವರ್ಗದ ಹುದ್ದೆಗಳಿಗೆ ಸಂದರ್ಶನವನ್ನು ಕೈಬಿಡಲಾಗಿದೆ. ಅಂತಹ ಹುದ್ದೆಗೆ ಸಂದರ್ಶನದಲ್ಲಿ ತೇರ್ಗಡೆ ಮಾಡಿಸುತ್ತೇನೆಂದು ಯಾರಾದರೂ ಹಣ ಕೇಳಿದರೆ ಅದು ವಂಚನೆಯೆಂದು ಕೂಡಲೇ ತಿಳಿಯತಕ್ಕದ್ದು. ಸಂದರ್ಶನವಿರುವ ಹುದ್ದೆಗೆ ಹಣ ಕೇಳುವವನೂ ವಂಚಕನೇ. ತಾಯಿಯ ಚಿನ್ನವನ್ನು ಅಡವಿಟ್ಟು ಇಂಥವರ ಕೈಗೆ ಹಣವಿತ್ತ ಮನೆಗಳಲ್ಲಿ ಕೆಲಸವೂ ಬಂದಿಲ್ಲ, ಚಿನ್ನವೂ ಉಳಿದಿಲ್ಲ.

ಹೆಸರು ಒಂದೇ ಆಗಿರಲಿ

ನಮ್ಮ ಸಮುದಾಯದ ಅಭ್ಯರ್ಥಿಗಳು ವಿಶೇಷವಾಗಿ ಗಮನಿಸಬೇಕಾದ ಸಂಗತಿಯೊಂದಿದೆ. ಜ್ಞಾನಸ್ನಾನದ ಪತ್ರದಲ್ಲಿ ಮೂರು ಹೆಸರುಗಳು, ಎಸ್.ಎಸ್.ಎಲ್.ಸಿ. ಅಂಕಪಟ್ಟಿಯಲ್ಲಿ ಒಂದು ಹೆಸರು ಮತ್ತು ಇನಿಷಿಯಲ್, ಆಧಾರ್ ಚೀಟಿಯಲ್ಲಿ ಮನೆತನದ ಹೆಸರಿನ ಬೇರೊಂದು ಕಾಗುಣಿತ, ಇದು ನಮ್ಮಲ್ಲಿ ಸಾಮಾನ್ಯ. ಡಿಸೋಜ, ಡಿಕುನ್ಹಾ, ಡಿಸಿಲ್ವ ಮೊದಲಾದ ಮನೆತನದ ಹೆಸರುಗಳನ್ನು ಇಂಗ್ಲಿಷಿನಲ್ಲಿ ಒಬ್ಬರು ಕೂಡಿಸಿ ಬರೆದರೆ ಇನ್ನೊಬ್ಬರು ನಡುವೆ ಚಿಹ್ನೆಯಿಟ್ಟು ಬರೆಯುತ್ತಾರೆ. ಊರಿನಲ್ಲಿ ಇದರಿಂದ ತೊಂದರೆಯಿಲ್ಲ. ಆದರೆ ದಾಖಲೆ ಪರಿಶೀಲಿಸುವ ಅಧಿಕಾರಿಯ ಮೇಜಿನ ಮುಂದೆ ಇವರಿಬ್ಬರೂ ಬೇರೆ ಬೇರೆ ವ್ಯಕ್ತಿಗಳು!

ಆದುದರಿಂದ ಅರ್ಜಿ ಹಾಕುವ ಮೊದಲೇ ಎಸ್.ಎಸ್.ಎಲ್.ಸಿ. ಅಂಕಪಟ್ಟಿಯನ್ನು ಮಾದರಿಯಾಗಿಟ್ಟುಕೊಂಡು ಉಳಿದ ದಾಖಲೆಗಳನ್ನು ಅದಕ್ಕೆ ಹೊಂದಿಸಿಕೊಳ್ಳುವುದು ಜಾಣತನ. ಹೆಸರು ಬದಲಾಗಿದ್ದಲ್ಲಿ ಗೆಜೆಟ್ ಪ್ರಕಟಣೆ, ವಿವಾಹ ಪ್ರಮಾಣಪತ್ರ ಅಥವಾ ಪ್ರಮಾಣಿತ ಅಫಿಡವಿಟ್‌ನ ಮೂಲಪ್ರತಿ ಕೈಯಲ್ಲಿರಬೇಕು. ಮೀಸಲಾತಿಯನ್ನು ಕೋರುವವರು ಕೇಂದ್ರ ಸರ್ಕಾರದ ನಮೂನೆ ಬೇರೆ, ರಾಜ್ಯದ ನಮೂನೆ ಬೇರೆ ಎಂಬುದನ್ನು ಮರೆಯಬಾರದು. ತಾಲೂಕು ಕಚೇರಿಯಿಂದ ಪ್ರಮಾಣಪತ್ರ ಪಡೆಯಲು ಬೇಕಾಗುವ ದಿನಗಳನ್ನೂ ಲೆಕ್ಕದಲ್ಲಿಡಬೇಕು. ಸಂದರ್ಶನದ ಹಿಂದಿನ ದಿನ ಓಡಾಡಿದರೆ ಪ್ರಯೋಜನವಿಲ್ಲ.

ತನ್ನನ್ನು ತಾನು ಅರಿಯುವುದು

"ನಿಮ್ಮ ಬಗ್ಗೆ ಹೇಳಿ" ಎಂಬುದೇ ಬಹುತೇಕ ಸಂದರ್ಶನಗಳ ಮೊದಲ ಪ್ರಶ್ನೆ. ಇದು ಸುಲಭವೆಂದು ತೋರಿದರೂ ಹೆಚ್ಚಿನವರು ಎಡವುವುದು ಇಲ್ಲಿಯೇ. ಅರ್ಜಿಯಲ್ಲಿರುವ ವಿವರಗಳನ್ನೇ ಒಪ್ಪಿಸಿದರೆ ಮಂಡಳಿಗೆ ಹೊಸದೇನೂ ತಿಳಿಯುವುದಿಲ್ಲ. ಓದು, ಊರು, ಆಸಕ್ತಿ, ಈ ಉದ್ಯೋಗವನ್ನು ಬಯಸುವ ಕಾರಣ, ಇವಿಷ್ಟನ್ನು ಒಂದೂವರೆ ನಿಮಿಷದಲ್ಲಿ ಹೇಳಲು ಕಲಿಯಬೇಕು. ಮುಂದಿನ ಪ್ರಶ್ನೆಗಳು ಈ ಉತ್ತರದಿಂದಲೇ ಹುಟ್ಟುತ್ತವೆ. ಹವ್ಯಾಸ ಓದು ಎಂದವರನ್ನು ಇತ್ತೀಚೆಗೆ ಓದಿದ ಪುಸ್ತಕ ಯಾವುದೆಂದು ಕೇಳಿಯೇ ಕೇಳುತ್ತಾರೆ. ಇಲ್ಲದ ಹವ್ಯಾಸವನ್ನು ಬರೆದವರು ಅಲ್ಲಿಯೇ ಸಿಕ್ಕಿಬೀಳುತ್ತಾರೆ.

ಊರಿನ ಬಗ್ಗೆಯೂ ಪ್ರಶ್ನೆಗಳಿರುತ್ತವೆ. ಕಾರ್ಕಳದವರಿಗೆ 1432ರಲ್ಲಿ ಸ್ಥಾಪನೆಯಾದ ಬಾಹುಬಲಿ ಮೂರ್ತಿಯ ವಿಚಾರ ತಿಳಿದಿರಬೇಕು. ಮಲ್ಪೆಯವರು ಮೀನುಗಾರಿಕೆಯ ಬಗ್ಗೆ, ಅಡಿಕೆ ತೋಟದ ಮನೆಯವರು ಅಡಿಕೆಯ ಧಾರಣೆ ಹಾಗೂ ಕೊಳೆರೋಗದ ಬಗ್ಗೆ ನಾಲ್ಕು ಮಾತು ಹೇಳಲು ಶಕ್ತರಾಗಿರಬೇಕು. ಬ್ಯಾಂಕು ಸಾಲ ಕೊಡುವುದು ಇಂತಹ ಊರುಗಳ ಜನರಿಗೆ. ತನ್ನ ಊರಿನ ದುಡಿಮೆಯನ್ನು ಅರಿಯದವನು ಬೇರೊಂದು ಊರಿನ ಅಗತ್ಯವನ್ನು ಅರಿತಾನೇ ಎಂಬುದು ಮಂಡಳಿಯ ಸಹಜವಾದ ಸಂದೇಹ.

ಎಂಜಿನಿಯರಿಂಗ್ ಓದಿದವರಿಗೆ ಬ್ಯಾಂಕು ಏಕೆ, ಪದವಿ ಮುಗಿದ ಮೇಲೆ ಎರಡು ವರ್ಷ ಏನು ಮಾಡಿದಿರಿ, ದೂರದ ರಾಜ್ಯಕ್ಕೆ ವರ್ಗವಾದರೆ ಹೋಗುವಿರಾ ಎಂಬ ಪ್ರಶ್ನೆಗಳಿಗೂ ಸಿದ್ಧರಿರಬೇಕು. ಯುವತಿಯರಲ್ಲಿ ಕೆಲವರಿಗೆ ವಿವಾಹದ ಮಾತೂ ಎದುರಾಗಬಹುದು. ಸಿಟ್ಟಾಗದೆ, ಕುಗ್ಗದೆ, ವರ್ಗಾವಣೆಯ ನಿಯಮವನ್ನು ಅರಿತೇ ಅರ್ಜಿ ಸಲ್ಲಿಸಿದ್ದೇನೆಂದು ಸ್ಪಷ್ಟವಾಗಿ ಹೇಳಿದರೆ ಸಾಕು.

ಓದಬೇಕಾದದ್ದು

ವೃತ್ತಿಗೆ ಸಂಬಂಧಿಸಿದ ತಿಳಿವಳಿಕೆ ಅತ್ಯಗತ್ಯ. ರಿಸರ್ವ್ ಬ್ಯಾಂಕು 1935ರ ಏಪ್ರಿಲ್ 1ರಂದು ಆರಂಭವಾಯಿತು. 1969ರ ಜುಲೈ 19ರಂದು 14 ಬ್ಯಾಂಕುಗಳು, 1980ರ ಏಪ್ರಿಲ್ 15ರಂದು ಮತ್ತೆ 6 ಬ್ಯಾಂಕುಗಳು ರಾಷ್ಟ್ರೀಕರಣಗೊಂಡವು. ಇವು ಎಲ್ಲರಿಗೂ ಬಾಯಿಪಾಠ. ಆದರೆ ಮಂಡಳಿಯು ಕೇಳುವುದು ಇಸವಿಗಳಿಗಿಂತ ಕಾರಣಗಳನ್ನು. ರೆಪೊ ದರ ಏರಿದರೆ ಗೃಹಸಾಲದ ಕಂತು ಏಕೆ ಏರುತ್ತದೆ? ಬಡ್ಡಿ ಅಥವಾ ಕಂತು 90 ದಿನಗಳಿಗಿಂತ ಹೆಚ್ಚು ಬಾಕಿಯಾದ ಸಾಲವು ವಸೂಲಾಗದ ಸಾಲಗಳ ಪಟ್ಟಿಗೆ ಸೇರಿದಾಗ ಬ್ಯಾಂಕಿಗೆ ಆಗುವ ನಷ್ಟವೇನು? ಠೇವಣಿ ವಿಮೆಯ ಮಿತಿಯನ್ನು 2020ರಲ್ಲಿ 1 ಲಕ್ಷದಿಂದ 5 ಲಕ್ಷ ರೂಪಾಯಿಗೆ ಏರಿಸಿದುದರಿಂದ ಯಾರಿಗೆ ಅನುಕೂಲವಾಯಿತು? ಹಳ್ಳಿಯ ವೃದ್ಧೆಯೊಬ್ಬರಿಗೆ ವಿವರಿಸುವಷ್ಟು ಸರಳವಾಗಿ ಇವಕ್ಕೆ ಉತ್ತರಿಸಬಲ್ಲವನು ನಿಜಕ್ಕೂ ವಿಷಯವನ್ನು ಅರಿತವನು.

ಗೊತ್ತಿಲ್ಲದ ಪ್ರಶ್ನೆ ಬಂದಾಗ "ಕ್ಷಮಿಸಿ, ಇದು ನನಗೆ ತಿಳಿದಿಲ್ಲ" ಎನ್ನುವುದು ಅವಮಾನವಲ್ಲ. ಊಹಿಸಿ ಹೇಳಿದ ಸುಳ್ಳು ಅಭ್ಯರ್ಥಿಯ ಉಳಿದ ಸತ್ಯಗಳನ್ನೂ ಕೆಡಿಸುತ್ತದೆ. ಜನರ ಹಣವನ್ನು ಕಾಯಬೇಕಾದವರಲ್ಲಿ ಮಂಡಳಿಯು ಮೊದಲು ಹುಡುಕುವುದು ಪ್ರಾಮಾಣಿಕತೆಯನ್ನೇ.

ಭಾಷೆಯ ಭಯ

ಕನ್ನಡ ಮಾಧ್ಯಮದಲ್ಲಿ ಓದಿದವರನ್ನು ಕಾಡುವುದು ಇಂಗ್ಲಿಷಿನ ಭಯ. ಮಂಡಳಿಗೆ ಬೇಕಾದುದು ಅಲಂಕಾರದ ಭಾಷೆಯಲ್ಲ, ಅರ್ಥವಾಗುವ ಭಾಷೆ. ಸಣ್ಣ ವಾಕ್ಯಗಳಲ್ಲಿ, ಅವಸರವಿಲ್ಲದೆ ಹೇಳಿದರೆ ಸಾಕು. ಪ್ರತಿದಿನ ಇಂಗ್ಲಿಷ್ ಪತ್ರಿಕೆಯ ಒಂದು ಸುದ್ದಿಯನ್ನು ಗಟ್ಟಿಯಾಗಿ ಓದಿ, ಪತ್ರಿಕೆಯನ್ನು ಮಡಚಿಟ್ಟು, ಅದರ ಸಾರವನ್ನು ಐದು ವಾಕ್ಯಗಳಲ್ಲಿ ಹೇಳುವ ಅಭ್ಯಾಸವನ್ನು ಮೂರು ತಿಂಗಳು ನಡೆಸಿದವರ ನಾಲಿಗೆ ತಾನಾಗಿ ಸಡಿಲವಾಗುತ್ತದೆ. ನಾಗರಿಕ ಸೇವಾ ಪರೀಕ್ಷೆಯ ಮುಖ್ಯ ಪರೀಕ್ಷೆಯನ್ನು ಕನ್ನಡದಲ್ಲಿ ಬರೆದವರು ಸಂದರ್ಶನವನ್ನೂ ಕನ್ನಡದಲ್ಲಿಯೇ ಎದುರಿಸಬಹುದೆಂಬುದು ಅನೇಕರಿಗೆ ತಿಳಿಯದು.

ಉಡುಪಿನ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಅದು ಶುಭ್ರವಾಗಿದ್ದರೆ ಸಾಕು, ಹೊಸದಾಗಿರಬೇಕಿಲ್ಲ. ಒಂದು ಗಂಟೆ ಮೊದಲೇ ಸ್ಥಳ ತಲುಪುವುದು, ಅನುಮತಿ ಪಡೆದು ಒಳಗೆ ಹೋಗುವುದು, ಪ್ರಶ್ನೆ ಮುಗಿಯುವ ತನಕ ತಾಳ್ಮೆಯಿಂದ ಕೇಳುವುದು, ಹೊರಡುವಾಗ ವಂದನೆ ಹೇಳುವುದು, ಇವು ನಮ್ಮ ಮನೆಗಳಲ್ಲಿ ಕಲಿಸಿದ ಸಭ್ಯತೆಗಳೇ.

ಸಮುದಾಯದ ಹೊಣೆ

ಪಟ್ಟಣದ ತರಬೇತಿ ಕೇಂದ್ರಗಳ ಶುಲ್ಕವನ್ನು ತೆರಲು ಎಲ್ಲರಿಗೂ ಸಾಧ್ಯವಿಲ್ಲ. ಆದರೆ ಬ್ಯಾಂಕು, ಅಂಚೆ, ವಿಮಾ ನಿಗಮ, ಶಾಲಾ ಕಾಲೇಜುಗಳಲ್ಲಿ ದುಡಿದು ನಿವೃತ್ತರಾದವರು ನಮ್ಮ ಧರ್ಮಕೇಂದ್ರಗಳಲ್ಲಿ ಎಷ್ಟು ಮಂದಿ ಇಲ್ಲ! ತಿಂಗಳಿಗೊಂದು ಭಾನುವಾರ ಪೂಜೆಯ ಬಳಿಕ ಚರ್ಚಿನ ಸಭಾಭವನದಲ್ಲಿ ಮೂವರು ಹಿರಿಯರು ಮೇಜಿನ ಒಂದು ಬದಿಯಲ್ಲಿ ಕುಳಿತು, ಅಭ್ಯರ್ಥಿಗಳನ್ನು ಒಬ್ಬೊಬ್ಬರನ್ನಾಗಿ ಕರೆದು ಇಪ್ಪತ್ತು ನಿಮಿಷ ಪ್ರಶ್ನಿಸಿದರೆ ಅದೇ ಉತ್ತಮ ತರಬೇತಿ. ಇದಕ್ಕೆ ಖರ್ಚಿಲ್ಲ. ಯುವಜನ ಸಂಘಟನೆಗಳು ಮುಂದಾಗಬೇಕು, ಧರ್ಮಗುರುಗಳು ಪ್ರೋತ್ಸಾಹಿಸಬೇಕು, ಅಷ್ಟೆ. ನೆರೆಮನೆಯ ಅನ್ಯಮತೀಯ ಯುವಕನಿಗೂ ಆ ಬಾಗಿಲು ತೆರೆದಿರಲಿ.

ತಂದೆತಾಯಿಗಳಿಗೆ ಒಂದು ಮಾತು. ಮೊದಲ ಸಂದರ್ಶನದಲ್ಲಿ ಆಯ್ಕೆಯಾಗದ ಮಗನನ್ನೋ ಮಗಳನ್ನೋ ಪಕ್ಕದ ಮನೆಯವರೊಡನೆ ಹೋಲಿಸಿ ನೋಯಿಸದಿರಿ. ಇಪ್ಪತ್ತು ನಿಮಿಷಗಳಲ್ಲಿ ಮಂಡಳಿಯು ಅಳೆಯುವುದು ಒಂದು ಹುದ್ದೆಗೆ ಬೇಕಾದ ಯೋಗ್ಯತೆಯನ್ನೇ ಹೊರತು ಒಬ್ಬ ಮನುಷ್ಯನ ಬೆಲೆಯನ್ನಲ್ಲ. ಯಾವ ಪ್ರಶ್ನೆಗೆ ತೊಡಕಾಯಿತು ಎಂದು ಅದೇ ಸಂಜೆ ಬರೆದಿಡಲು ಹೇಳಿ. ಮುಂದಿನ ಸಂದರ್ಶನದ ಸಿದ್ಧತೆಯು ಆ ಹಾಳೆಯಿಂದಲೇ ಆರಂಭವಾಗಲಿ.