ಇದೇ ಆ ಠಾವು

ಆನೆಕೆರೆ ಇನ್ನೂ ಇದೆ! ಅದೇ ಹೆಸರಲ್ಲಿ, ಅದೇ ಹಾನಗಲ್ಲಿನಲ್ಲಿ! ಹಳೇ ಊರಿನಲ್ಲಿ ಹಳೇ ಕೆರೆ ಇರುವುದರಲ್ಲಿ ಏನು ಅಚ್ಚರಿ ಎನ್ನಬೇಡಿ. 1196ರಲ್ಲಿ ಹೊಯ್ಸಳ ಇಮ್ಮಡಿ ವೀರಬಲ್ಲಾಳ ದಂಡೆತ್ತಿ ಬಂದು ಬೀಡುಬಿಟ್ಟದ್ದು ಇದೇ ಆನೆಕೆರೆಯ ಬಳಿ ಎಂದು ಹಾನಗಲ್ಲಿನ ವೀರಗಲ್ಲೊಂದು ಹೇಳುತ್ತದೆ. ಎಂಟುನೂರು ಚಿಲ್ಲರೆ ವರ್ಷಗಳ ಹಿಂದೆ ಕಲ್ಲು ಕೊಟ್ಟ ವಿಳಾಸವನ್ನು ಹಿಡಿದು ನಾನು ಆಟೋದವನನ್ನು ಕೇಳಿದೆ. ‘ಆನೀಕೆರಿಗೇನ್ರೀ? ಹತ್ತ್ರಿ ಮತ್ತ’ ಅಂದ. ಅಷ್ಟೇ! ಬಲ್ಲಾಳನ ದಂಡಿನ ಬೀಡಿಗೆ ಹೋಗುವುದು ಇಷ್ಟು ಸಲೀಸು!

ಏರಿಯ ಮೇಲೆ ನಿಂತರೆ ನೀರು, ಗಾಳಿ, ಅತ್ತ ಊರು. ಆಗ ಇದು ಪಾನುಂಗಲ್ಲು, ಐನೂರರ ನಾಡಿನ ರಾಜಧಾನಿ. ಶಾಸನಗಳಿಗೆ ವಿರಾಟನ ನಗರಿ. ಆಳುತ್ತಿದ್ದವನು ಕದಂಬ ಕಾಮದೇವ. ಅವನ ಪಡೆಯನ್ನು ಮುನ್ನಡೆಸಿದವನು ಸೋಹಣಿ ಎಂಬ ನಾಯಕ. ಬಲ್ಲಾಳನಂಥ ಬಲ್ಲಾಳನೇ ಆ ಸಲ ಹಿಮ್ಮೆಟ್ಟಿದ. ಆದರೆ ಗೆದ್ದ ಕಡೆಯ ಸೋಹಣಿ ಕಾಳಗದಲ್ಲೇ ಬಿದ್ದ. ಬಲ್ಲಾಳನ ಹೆಸರು ಶಾಲೆಯ ಮಕ್ಕಳಿಗೂ ಗೊತ್ತು. ಸೋಹಣಿ? ನನಗಂತೂ ಗೊತ್ತಿರಲಿಲ್ಲ. ಅವನನ್ನು ಮರೆಯದೆ ಉಳಿಸಿಕೊಂಡದ್ದು ಒಂದು ಕಲ್ಲು.

ಅಲ್ಲಿಂದ ನೇರ ತಾರಕೇಶ್ವರ ದೇವಸ್ಥಾನಕ್ಕೆ. ಬಂದವರೆಲ್ಲ ಒಳಗೆ ಹೋಗಿ ಕತ್ತೆತ್ತಿ, ಛತ್ತಿನಿಂದ ಇಳಿಬಿದ್ದ ಕಲ್ಲಿನ ಕಮಲ ನೋಡುತ್ತಾರೆ. ನೋಡಲೇಬೇಕು, ಕತ್ತು ನೋಯುವವರೆಗೆ ನೋಡಬೇಕು. ಆದರೆ ವೀರಗಲ್ಲು ನೋಡಲು ಕುಕ್ಕರಗಾಲಲ್ಲಿ ಕೂರಬೇಕು, ಏಕೆಂದರೆ ಅದನ್ನು ಓದುವುದು ಕೆಳಗಿನಿಂದ ಮೇಲಕ್ಕೆ. ತಳದ ಪಟ್ಟಿಕೆಯಲ್ಲಿ ಕಾಳಗ, ಒಬ್ಬರ ಮೇಲೊಬ್ಬರು ಬಿದ್ದ ಕತ್ತಿ ಗುರಾಣಿಗಳ ಗದ್ದಲ. ಅದರ ಮೇಲೆ ಸತ್ತವನನ್ನು ಎರಡೂ ಕಡೆಯಿಂದ ಹಿಡಿದು ಒಯ್ಯುತ್ತಿರುವ ಅಪ್ಸರೆಯರು. ತುದಿಯಲ್ಲಿ ಶಿವಲಿಂಗದ ಮುಂದೆ ಅದೇ ವೀರ, ಈಗ ಗಾಯವಿಲ್ಲ, ಗಡಿಬಿಡಿಯಿಲ್ಲ. ನೆತ್ತಿಯ ಮೇಲೆ ಸೂರ್ಯ ಚಂದ್ರ: ಅವರಿರುವವರೆಗೆ ಇವನ ಹೆಸರೂ ಇರಲಿ ಎಂದು. ಅಕ್ಷರ ಬಾರದವನೂ ನಿಂತು ಓದಬಹುದಾದ ಫಲಕ! ಪಟ್ಟಿಕೆಗಳ ನಡುವಣ ಅಂಚಿನಲ್ಲಿ ಅಕ್ಷರ ಬಲ್ಲವರಿಗಾಗಿ ಊರು, ಹೆಸರು, ತಿಥಿ.

ಇಷ್ಟಕ್ಕೇ ಮನೆಗೆ ಮರಳಿದ್ದರೆ ಹಿರೇಕೆರೂರು ಸೀಮೆಯ ಅಬ್ಬಲೂರು ತಪ್ಪಿಹೋಗುತ್ತಿತ್ತು. ಅಯ್ಯೋ, ಎಂಥ ನಷ್ಟ! ಅಲ್ಲಿನ ಸೋಮೇಶ್ವರ ಗುಡಿಯಲ್ಲಿ ಏಕಾಂತದ ರಾಮಯ್ಯನ ಕತೆಯ ಶಿಲ್ಪಗಳಿವೆ. ಜೈನರೊಡನೆ ಪಣ ಕಟ್ಟಿ, ತಲೆ ಕತ್ತರಿಸಿಕೊಂಡು, ಏಳು ದಿನದ ಮೇಲೆ ಮರಳಿ ಪಡೆದನೆಂದು ಶಾಸನ ಹೇಳುವ ರಾಮಯ್ಯ. ಶಿಲ್ಪದ ಜೊತೆಗೆ ಚಿಕ್ಕ ಚಿಕ್ಕ ಬರಹಗಳು. ಒಂದರ ತಾತ್ಪರ್ಯ: ರಾಮಯ್ಯ ತಲೆಯರಿದು ಪಡೆದ ಜಾಗ ಇದು. ಇನ್ನೊಂದರದ್ದು: ಬಸದಿಯನ್ನು ಒಡೆಯಗೊಡದೆ ಸಂಕಗಾವುಂಡ ಆಳು ಕುದುರೆ ಒಡ್ಡಿ ನಿಂತಾಗ, ರಾಮಯ್ಯ ಕಾದಿ ಗೆದ್ದು, ಜಿನನನ್ನು ಒಡೆದು ಲಿಂಗ ನಿಲ್ಲಿಸಿದ ಜಾಗ. ಎರಡೂ ಮುಗಿಯುವುದು ಒಂದೇ ಪದದಿಂದ, ‘ಠಾವು’!

ಠಾವು! ಇಂಥದು ನಡೆದ ತಾಣ ಇದು ಎಂದು ದಾರಿಹೋಕನಿಗೆ ಬೊಟ್ಟು ಮಾಡಿ ತೋರಿಸುವ ಬರಹ. ಲಂಡನ್ನಿನಲ್ಲಿ ಹೆಸರಾಂತರ ಮನೆಗಳಿಗೆ ದುಂಡು ಫಲಕ ಹಾಕತೊಡಗಿದ್ದು 1867ರಲ್ಲಿ, ಮೊದಲನೆಯದು ಕವಿ ಬೈರನ್ ಹುಟ್ಟಿದ ಮನೆಗೆ. ನಮ್ಮ ಅಬ್ಬಲೂರಿನವರು ಅದಕ್ಕೂ ಆರು ಶತಮಾನಕ್ಕಿಂತ ಹಿಂದೆಯೇ ಆ ಕೆಲಸ ಮಾಡಿ ಕೈ ತೊಳೆದುಕೊಂಡಿದ್ದರು!

ಆದರೆ ಆ ಎರಡನೆಯ ಬರಹದ ಮುಂದೆ ನನ್ನ ಹುರುಪು ತುಸು ತಗ್ಗಿತು. ಬಸದಿ ಉಳಿಸಲು ನಿಂತ ಸಂಕಗಾವುಂಡನ ಹೆಸರು ಇಲ್ಲಿ ಉಳಿದಿದೆ, ಅವನ ಮಾತು ಉಳಿದಿಲ್ಲ. ಕಲ್ಲು ಕಡೆಸಿದವರು ಗೆದ್ದವರು. ಸೋತವರೂ ಒಂದು ಕಲ್ಲು ನಿಲ್ಲಿಸಿದ್ದರೆ ಅದರ ‘ಠಾವು’ ಏನನ್ನುತ್ತಿತ್ತೋ.

ಇನ್ನೂ ಇದೆ, ಕೇಳಿ. ಅದೇ ಗುಡಿಯ ದೊಡ್ಡ ಶಾಸನ, ಸುಮಾರು 1200ರದ್ದು. ಬ್ರಿಟಿಷ್ ಶಾಸನತಜ್ಞ ಜೆ.ಎಫ್. ಫ್ಲೀಟ್ ಅದನ್ನು ಓದಿ ‘ಎಪಿಗ್ರಾಫಿಯಾ ಇಂಡಿಕಾ’ದ 5ನೇ ಸಂಪುಟದಲ್ಲಿ ಅಚ್ಚುಹಾಕಿಸಿದ. ಕಲಚುರಿ ದೊರೆ ಬಿಜ್ಜಳ ರಾಮಯ್ಯನಿಗೆ ಜಯಪತ್ರ ಕೊಟ್ಟದ್ದು, ಚಾಲುಕ್ಯ ದೊರೆ ನಾಲ್ಕನೆಯ ಸೋಮೇಶ್ವರ ದತ್ತಿ ಬಿಟ್ಟದ್ದು ಎಲ್ಲ ಅದರಲ್ಲಿದೆ. ಕೊನೆಗೊಬ್ಬ ಬರುತ್ತಾನೆ, ಮುಂಡಗೋಡಿನ ಹತ್ತಿರದ ಮಲ್ಲವಳ್ಳಿಯನ್ನು ದೇವರಿಗೆ ಬಿಡುತ್ತಾನೆ. ಯಾರು? ಹಾನಗಲ್ಲಿನ ಕಾಮದೇವ! ಸೋಹಣಿಯ ಒಡೆಯ! ಆನೆಕೆರೆಯಲ್ಲಿ ಬೆಳಿಗ್ಗೆ ಭೇಟಿಯಾದವನು ಸಂಜೆ ಅಬ್ಬಲೂರಿನಲ್ಲಿ ಮತ್ತೆ ಎದುರಾದ. ಗುಡಿಯಲ್ಲಿ ನಾನೊಬ್ಬನೇ ಇದ್ದೆ, ಆದರೂ ‘ಓಹೋ ನೀನೇನಪ್ಪಾ!’ ಎಂದು ಜೋರಾಗಿ ಅಂದುಬಿಟ್ಟೆ.

ಮರಳುವ ದಾರಿಯಲ್ಲಿ ಕಣ್ಣು ಸುಮ್ಮನಿರಲಿಲ್ಲ. ಬಸ್ಸಿನ ಕಿಟಕಿಯಾಚೆ ಕಂಡ ಕಲ್ಲೆಲ್ಲ ವೀರಗಲ್ಲೇ! ಅರ್ಧಕ್ಕರ್ಧ ಗಡಿಗಲ್ಲು, ದನ ಕಟ್ಟುವ ಗೂಟ, ನಿಜ. ಆದರೂ ಒಂದು ಹೊಲದ ಬದುವಿನಲ್ಲಿ ತಪ್ಪಿಲ್ಲದೆ ಕಂಡಿತು, ಇಳಿದೇಬಿಟ್ಟೆ. ಮಾಸ್ತಿಗಲ್ಲು, ಸತಿ ಹೋದವಳ ನೆನಪಿನ ಕಲ್ಲು. ಅಕ್ಷರ ಒಂದೂ ಇಲ್ಲ. ಕಂಬದಿಂದ ಚಾಚಿ ಮೇಲೆದ್ದ ಒಂದು ಕೈ, ಮೊಣಕೈಗೆ ಮಡಚಿದ್ದು. ಮಳೆಗೆ ಬೆರಳು ಸವೆದಿವೆ, ಬಳೆಗಳು ಮಾತ್ರ ಇನ್ನೂ ಎಣಿಸಬಹುದು. ಮೇಲೆ ಎಣ್ಣೆಯ ಜಿಡ್ಡು, ಅವತ್ತಿನದೇ ಕುಂಕುಮ.

ಕಳೆ ತೆಗೆಯುತ್ತಿದ್ದ ಅಜ್ಜಿಯನ್ನು ಕೇಳಿದೆ, ‘ಇದು ಯಾರ ಕಲ್ಲಮ್ಮ?’

ಅವರು ಕುರ್ಚಿಗೆಯನ್ನು ಕೆಳಗಿಟ್ಟು, ಸೆರಗಿನಿಂದ ಮುಖ ಒರೆಸಿಕೊಂಡರು. ‘ಯಾರೋ ಏನೋ ಯಪ್ಪಾ. ನಮ್ಮೂರಾಕಿ.’