ಸಿಟಿ ಸ್ಕ್ಯಾನ್ ಆದ ಮೇಲೆ ‘ವಿಕಿರಣ ರಕ್ತ ಪರೀಕ್ಷೆ’ ಮಾಡಿಸಬೇಕೇ?

ಹೊಳಲ್ಕೆರೆಯ ಓದುಗರೊಬ್ಬರು ನಮಗೆ ಒಂದು ವಾಟ್ಸ್‌ಆ್ಯಪ್ ಫಾರ್ವರ್ಡ್ ಕಳಿಸಿದ್ದಾರೆ. ‘ಸಿಟಿ ಸ್ಕ್ಯಾನ್‌ನ ವಿಕಿರಣ ಮೈಯಲ್ಲೇ ಉಳಿಯುತ್ತದೆ. ರಕ್ತದ ಪ್ರೋಟೀನ್ ಪರೀಕ್ಷೆಯಲ್ಲಿ ಅದು ಗೊತ್ತಾಗುತ್ತದೆ’ ಎಂದು ಅದರಲ್ಲಿದೆ. ಇದನ್ನು ಓದಿದ ಅವರ ತಂದೆ, ವೈದ್ಯರು ಬರೆದುಕೊಟ್ಟ ಸ್ಕ್ಯಾನನ್ನೇ ಮುಂದೂಡಿದ್ದಾರಂತೆ. ಇದರಲ್ಲಿ ನಿಜವೆಷ್ಟು? ನೋಡೋಣ.

ವಿಕಿರಣ ಮೈಯಲ್ಲಿ ಉಳಿಯುತ್ತದೆಯೇ?

ಇಲ್ಲ. ಸಿಟಿ ಸ್ಕ್ಯಾನ್‌ನಲ್ಲಿ ಬಳಸುವುದು ಎಕ್ಸ್-ರೇ. ಯಂತ್ರ ನಿಂತ ಕೂಡಲೇ ಅದೂ ನಿಲ್ಲುತ್ತದೆ. ಎದೆಯ ಸಿಟಿ ಸ್ಕ್ಯಾನ್‌ನಲ್ಲಿ ತಗಲುವ ವಿಕಿರಣ ಸುಮಾರು 7 ಮಿಲಿಸೀವರ್ಟ್. ವಾಂತಿ, ರಕ್ತಕಣಗಳ ಕುಸಿತದಂಥ ವಿಕಿರಣ ಕಾಯಿಲೆ ಬರಬೇಕಾದರೆ ಇಡೀ ಮೈಗೆ ಒಮ್ಮೆಲೇ ಅದರ ನೂರು ಪಟ್ಟಿನಷ್ಟಾದರೂ ಬೀಳಬೇಕು. ಸ್ಕ್ಯಾನ್‌ನಿಂದ ಮುಂದೆ ಕ್ಯಾನ್ಸರ್ ಬರುವ ಅಪಾಯ ತೀರಾ ಅಲ್ಪ ಹೆಚ್ಚಬಹುದು. ಅದಕ್ಕೇ ಅಗತ್ಯವಿಲ್ಲದೆ ಮಾಡಿಸಬಾರದು ಎನ್ನುವುದು.

ಹಾಗಾದರೆ ಪ್ರೋಟೀನ್ ಪರೀಕ್ಷೆ ಸುಳ್ಳೇ?

ಪೂರ್ತಿ ಸುಳ್ಳಲ್ಲ. ಈ ಪ್ರೋಟೀನ್‌ಗಳು ತೋರಿಸುವುದು ಉಳಿದ ವಿಕಿರಣವನ್ನಲ್ಲ, ದೇಹಕ್ಕಾದ ಪೆಟ್ಟನ್ನು. ಭಾರೀ ವಿಕಿರಣದಿಂದ ಅಸ್ಥಿಮಜ್ಜೆ ಹಾಳಾದರೆ ರಕ್ತದಲ್ಲಿ ‘ಎಫ್‌ಎಲ್‌ಟಿ3 ಲಿಗ್ಯಾಂಡ್’ ಎಂಬ ಪ್ರೋಟೀನ್ ಏರುತ್ತದೆ. ಜೊಲ್ಲಿನ ಗ್ರಂಥಿಗೆ ಪೆಟ್ಟಾದರೆ ಅಮೈಲೇಸ್ ಏರುತ್ತದೆ. ಆದರೆ ಮಂಗನಬಾವು ಬಂದರೂ ಅಮೈಲೇಸ್ ಏರುತ್ತದೆ! ಆದ್ದರಿಂದ ವಿಜ್ಞಾನಿಗಳು ಹಲವು ಪ್ರೋಟೀನ್‌ಗಳನ್ನು ಒಟ್ಟಿಗೆ ನೋಡುತ್ತಾರೆ.

ಇದು ಬೇಕಾಗುವುದು ದೊಡ್ಡ ಅವಘಡಗಳಲ್ಲಿ. ನೂರಾರು ಜನರಲ್ಲಿ ಯಾರಿಗೆ ತುರ್ತು ಚಿಕಿತ್ಸೆ ಬೇಕೆಂದು ಬೇಗ ವಿಂಗಡಿಸಬೇಕಾಗುತ್ತದೆ. ಈಗ ಹೆಚ್ಚು ನಂಬುವ ವರ್ಣತಂತು ಪರೀಕ್ಷೆಗೆ ಕೆಲವು ದಿನಗಳೇ ಹಿಡಿಯುತ್ತವೆ.

ಎಲ್ಲಕ್ಕೂ ರಕ್ತ ಪರೀಕ್ಷೆಯೇ?

ಅಲ್ಲ. ನಮ್ಮ ರಾಜ್ಯದ್ದೇ ಉದಾಹರಣೆ ಇದೆ. 2009ರ ನವೆಂಬರ್‌ನಲ್ಲಿ ಉತ್ತರ ಕನ್ನಡದ ಕೈಗಾ ಅಣು ವಿದ್ಯುತ್ ಸ್ಥಾವರದ ಕುಡಿಯುವ ನೀರಿನ ಕೂಲರ್‌ಗೆ ಟ್ರೀಟಿಯಂ ಇದ್ದ ಭಾರಜಲ ಸೇರಿತ್ತು. ಅದು ಪತ್ತೆಯಾಗಿದ್ದು ನೌಕರರ ಮೂತ್ರ ಪರೀಕ್ಷೆಯಿಂದ. ಟ್ರೀಟಿಯಂ ಮೈಯ ನೀರಿನಲ್ಲಿ ಬೆರೆತು ಮೂತ್ರದಲ್ಲಿ ಹೊರಹೋಗುತ್ತದೆ. ಅಂದರೆ ಅವಘಡ ಎಂಥದ್ದೋ ಪರೀಕ್ಷೆಯೂ ಅಂಥದ್ದು.

ನೀವೇನು ಮಾಡಬೇಕು?

ಸಿಟಿ ಸ್ಕ್ಯಾನ್ ಆದ ಮೇಲೆ ಇಂಥ ಪರೀಕ್ಷೆಗೆ ಹಣ ಕೊಡಬೇಡಿ. ಸ್ಕ್ಯಾನ್ ಏಕೆ ಬೇಕು, ಅಲ್ಟ್ರಾಸೌಂಡ್ ಸಾಕಾಗದೇ ಎಂದು ವೈದ್ಯರನ್ನೇ ಕೇಳಿ. ಗರ್ಭಿಣಿಯಾಗಿದ್ದರೆ ಮೊದಲೇ ತಿಳಿಸಿ. ಸ್ಕ್ಯಾನ್ ಬೇಕೇ ಬೇಕು ಎಂದರೆ ತಡಮಾಡಬೇಡಿ. ವಿಕಿರಣದ ಭಯಕ್ಕಿಂತ, ಪತ್ತೆಯಾಗದೆ ಉಳಿಯುವ ಕಾಯಿಲೆಯೇ ಹೆಚ್ಚು ಅಪಾಯ.

ತೀರ್ಮಾನ: ಅಂಥ ಪ್ರೋಟೀನ್‌ಗಳು ಇರುವುದು ನಿಜ. ಸಿಟಿ ಸ್ಕ್ಯಾನ್‌ಗೆ ಅದನ್ನು ತಳುಕು ಹಾಕಿದ ಫಾರ್ವರ್ಡ್ ತಪ್ಪು. ನಿಮ್ಮ ಗ್ರೂಪಿಗೂ ಅದು ಬಂದಿದ್ದರೆ ಅಲ್ಲಿಗೇ ಇದನ್ನೂ ಕಳಿಸಿ.