ತಂತ್ರಾಂಶವನ್ನು ನಂಬುವ ಮುನ್ನ

ನಿಮ್ಮ ಶಾಲೆಯ ಗಣಕಕ್ಕೆ ಹೊಸ ತಂತ್ರಾಂಶವೊಂದು ಬೇಕಾಗಿದೆ ಎಂದುಕೊಳ್ಳಿ. ಅಂತರಜಾಲದಿಂದ ಅದನ್ನು ಇಳಿಸಿಕೊಳ್ಳುತ್ತೀರಿ. ಆಂಟಿವೈರಸ್ ಯಾವ ದೋಷವನ್ನೂ ತೋರಿಸುವುದಿಲ್ಲ. ಹಾಗಾದರೆ ಅದು ಸುರಕ್ಷಿತವೇ? ಆಂಟಿವೈರಸ್ ಮುಖ್ಯವಾಗಿ ಹುಡುಕುವುದು ಈಗಾಗಲೇ ಗೊತ್ತಿರುವ ಕುತಂತ್ರಾಂಶಗಳ ಗುರುತುಗಳನ್ನು. ಹೊಸದೊಂದು ಅದರ ಕಣ್ಣು ತಪ್ಪಿಸಬಹುದು. ಆದ್ದರಿಂದ ನಾವು ಮೂರು ಪ್ರಶ್ನೆಗಳನ್ನು ಬೇರೆಬೇರೆಯಾಗಿ ಕೇಳಿಕೊಳ್ಳಬೇಕು: ಕಡತ ಬದಲಾಗದೆ ಬಂದಿದೆಯೇ? ಕಳುಹಿಸಿದವರು ಯಾರು? ಅದರೊಳಗೆ ಏನಿದೆ?

ಕಡತದ ಬೆರಳಚ್ಚು

ಮೊದಲ ಪ್ರಶ್ನೆಗೆ ಉತ್ತರ 'ಹ್ಯಾಶ್'. ಕಡತ ಎಷ್ಟೇ ದೊಡ್ಡದಿರಲಿ, ಎಸ್‌ಎಚ್‌ಎ-256 ಎಂಬ ವಿಧಾನವು ಅದರಿಂದ 256 ಬಿಟ್‌ಗಳ, ಅಂದರೆ ಷೋಡಶಮಾನ ಪದ್ಧತಿಯಲ್ಲಿ 64 ಅಂಕಿಗಳ ಒಂದು ಸಂಖ್ಯೆಯನ್ನು ಕೊಡುತ್ತದೆ. ಕಡತದಲ್ಲಿ ಒಂದೇ ಅಕ್ಷರ ಬದಲಾದರೂ ಸಂಖ್ಯೆ ಪೂರ್ತಿ ಬೇರೆಯಾಗುತ್ತದೆ. ವಿಂಡೋಸ್, ಲಿನಕ್ಸ್ ಎರಡರಲ್ಲೂ ಇದಕ್ಕೆ ಆದೇಶಗಳಿವೆ. ತರಗತಿಯಲ್ಲೇ ಮಾಡಿ ನೋಡಬಹುದು. ತಯಾರಕರು ಪ್ರಕಟಿಸಿದ ಸಂಖ್ಯೆಯೊಂದಿಗೆ ನಿಮ್ಮದು ತಾಳೆಯಾದರೆ ಕಡತ ದಾರಿಯಲ್ಲಿ ಬದಲಾಗಿಲ್ಲ ಎಂದರ್ಥ. ಆದರೆ ಜಾಲತಾಣಕ್ಕೇ ನುಗ್ಗಿದ ಕಳ್ಳ ಕಡತದ ಜೊತೆ ಆ ಸಂಖ್ಯೆಯನ್ನೂ ಬದಲಿಸಬಲ್ಲ.

ಸಹಿ ಇದ್ದರೆ ಸಾಕೆ?

ಇಲ್ಲಿ ನೆರವಿಗೆ ಬರುವುದು ಡಿಜಿಟಲ್ ಸಹಿ. ತಯಾರಕರು ತಮ್ಮ ಗುಪ್ತ ಕೀಲಿಯಿಂದ ಹ್ಯಾಶ್‌ಗೆ ಸಹಿ ಹಾಕುತ್ತಾರೆ. ಅವರ ಬಹಿರಂಗ ಕೀಲಿಯಿಂದ ಯಾರು ಬೇಕಾದರೂ ಅದನ್ನು ಪರೀಕ್ಷಿಸಬಹುದು. ಆದರೆ ಸಹಿ ತಿಳಿಸುವುದು 'ಯಾರು' ಎಂಬುದನ್ನು ಮಾತ್ರ. 2017ರಲ್ಲಿ 'ಸಿಕ್ಲೀನರ್' ತಂತ್ರಾಂಶದ 5.33ನೇ ಆವೃತ್ತಿಯಲ್ಲಿ ಕುತಂತ್ರಾಂಶ ಸೇರಿತ್ತು. ದಾಳಿಕೋರರು ತಯಾರಕರ ಜಾಲದೊಳಕ್ಕೇ ನುಗ್ಗಿದ್ದರಿಂದ ಅದು ಅಧಿಕೃತ ತಾಣದಲ್ಲೇ, ಸರಿಯಾದ ಸಹಿಯೊಡನೆ ಸಿಗುತ್ತಿತ್ತು. ಅದನ್ನು ಸುಮಾರು 22.7 ಲಕ್ಷ ಗಣಕಗಳಲ್ಲಿ ಅಳವಡಿಸಲಾಗಿತ್ತು.

ಒಳಗೆ ಏನಿದೆ?

ಮುಕ್ತ ತಂತ್ರಾಂಶಗಳ ಮೂಲ ಬರಹವನ್ನು, ಅಂದರೆ ಸೋರ್ಸ್ ಕೋಡನ್ನು, ಯಾರಾದರೂ ಓದಬಹುದು. ಇದು ದೊಡ್ಡ ಅನುಕೂಲ. ಆದರೂ ಲಿನಕ್ಸ್‌ನಲ್ಲಿ ಕಡತಗಳನ್ನು ಕುಗ್ಗಿಸಲು ಬಳಸುವ 'ಎಕ್ಸ್‌ಝಡ್' ತಂತ್ರಾಂಶದ 5.6.0 ಮತ್ತು 5.6.1 ಆವೃತ್ತಿಗಳಲ್ಲಿ ಕಳ್ಳಬಾಗಿಲೊಂದು ಅಡಗಿತ್ತು. ಎರಡು ವರ್ಷಕ್ಕೂ ಹೆಚ್ಚು ಕಾಲ ಅದರ ಕೆಲಸದಲ್ಲಿ ನೆರವಾಗಿ ವಿಶ್ವಾಸ ಗಳಿಸಿದ್ದ ಖಾತೆಯಿಂದಲೇ ಅದು ಸೇರಿತ್ತು. ದೂರದ ಗಣಕಕ್ಕೆ ಲಾಗಿನ್ ಆಗಲು ಅರ್ಧ ಸೆಕೆಂಡಿನಷ್ಟು ಹೆಚ್ಚು ಸಮಯ ಹಿಡಿಯುತ್ತಿದ್ದುದನ್ನು ಗಮನಿಸಿದ ಆಂಡ್ರೆಸ್ ಫ್ರಾಯಿಂಡ್ ಎಂಬ ಎಂಜಿನಿಯರ್ ಬೆನ್ನುಹತ್ತಿ ಹೋಗಿ, 2024ರ ಮಾರ್ಚ್‌ನಲ್ಲಿ ಇದನ್ನು ಬಯಲಿಗೆಳೆದರು. ಮೂಲ ಬರಹ ತೆರೆದಿದ್ದರಷ್ಟೇ ಸಾಲದು, ಅದನ್ನು ಓದುವವರೂ ಬೇಕು.

ನಾವೇನು ಮಾಡಬಹುದು?

ಪೂರ್ಣ ಸುರಕ್ಷಿತವೆಂದು ಯಾವ ಒಂದು ಪರೀಕ್ಷೆಯೂ ಹೇಳಲಾರದು. ಆದರೆ ಪ್ರತಿ ಪರೀಕ್ಷೆಯೂ ಅಪಾಯದ ಒಂದೊಂದು ದಾರಿಯನ್ನು ಮುಚ್ಚುತ್ತದೆ. ತಯಾರಕರ ತಾಣದಿಂದಲೇ ತಂತ್ರಾಂಶ ಪಡೆಯಿರಿ. ಹ್ಯಾಶ್ ಮತ್ತು ಸಹಿಗಳನ್ನು ತಾಳೆ ನೋಡಿ. ಪರಿಷ್ಕರಣೆಗಳನ್ನು ತಪ್ಪದೆ ಅಳವಡಿಸಿ. ಸಿಕ್ಲೀನರ್, ಎಕ್ಸ್‌ಝಡ್‌ಗಳ ದೋಷ ಹೋದದ್ದೂ ಬೇರೆ ಆವೃತ್ತಿಗಳಿಂದಲೇ. ದಿನನಿತ್ಯದ ಕೆಲಸಕ್ಕೆ ಅಡ್ಮಿನಿಸ್ಟ್ರೇಟರ್ ಖಾತೆಯನ್ನು ಬಳಸಬೇಡಿ. ಆಗ ನಂಬಿಕೆ ಹುಸಿಯಾದರೂ ಹಾನಿ ಸೀಮಿತವಾಗಿರುತ್ತದೆ. ಮುಖ್ಯ ಕಡತಗಳ ಪ್ರತಿಯೊಂದನ್ನು ಗಣಕದಿಂದ ಹೊರಗೆ ಇಟ್ಟಿರಿ.